ಜಾಮೀನಿನ ಪಾಠ

ಮೊನ್ನೆ ಅಂಚೆ ಕಚೇರಿಯಲ್ಲಿ ಸಾಲಿನಲ್ಲಿ ನಿಂತಿದ್ದಾಗ ಸ್ಟಾಂಪ್ ಪ್ಯಾಡಿನ ಶಾಯಿಯ ವಾಸನೆ ಮೂಗಿಗೆ ಬಡಿಯಿತು. ಎಲ್ಲರಿಗೂ ಅದು ಬರೀ ಶಾಯಿ. ನನಗೆ ಮಾತ್ರ ಬ್ಯಾಂಕಿನ ಒಂದು ಮಧ್ಯಾಹ್ನ ನೆನಪಾಗುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ. ಹೇಳಲು ನಾಚಿಕೆಯೂ ಆಗುತ್ತದೆ.

ಕೆಲವು ವರ್ಷದ ಹಿಂದಿನ ಮಾತು. ಹೊಳಲ್ಕೆರೆಯ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳುತ್ತಿದ್ದೆ, ಈಗಲೂ ಹೇಳುತ್ತಿದ್ದೇನೆ. ಭಾನುವಾರ ಚಿಕ್ಕಜಾಜೂರಿನ ಮಹಿಳಾ ಸಂಘದವರಿಗೆ ಉಳಿತಾಯ, ಸಾಲ, ವಿಮೆ ಎಂದು ಬಿಟ್ಟಿ ಪಾಠ. ಮಕ್ಕಳು 'ಪರೀಕ್ಷೆಗೆ ಬರುತ್ತಾ ಸಾರ್' ಎಂದು ಕೇಳಿ ಬರೆದುಕೊಂಡು ಮರೆಯುತ್ತಿದ್ದರು. ಐವತ್ತು ದಾಟಿದ ಹೆಂಗಸರು ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ, ಹೇಳಿದ್ದನ್ನು ಮಾಡಿಬಿಡುತ್ತಿದ್ದರು. ಮೇಷ್ಟ್ರಿಗೆ ಇವರಿಗಿಂತ ಅಪಾಯದ ವಿದ್ಯಾರ್ಥಿಗಳಿಲ್ಲ.

ಒಂದು ಭಾನುವಾರ ಹುರುಪಿನಲ್ಲಿ ಬೋರ್ಡಿನ ಮೇಲೆ 'ಯಾರಿಗೂ ಜಾಮೀನು ನಿಲ್ಲಬೇಡಿ' ಎಂದು ದೊಡ್ಡದಾಗಿ ಬರೆದೆ. ಸಾಲದ್ದಕ್ಕೆ ಕೆಳಗೆ ಎರಡು ಗೆರೆಯನ್ನೂ ಎಳೆದೆ.

ಆ ಗುರುವಾರ ಮಧ್ಯಾಹ್ನ ನನ್ನ ಹಳೆಯ ವಿದ್ಯಾರ್ಥಿನಿ ಕಾವ್ಯ ಫೋನು ಮಾಡಿದಳು. ಅವಳಿಗೆ ದುರ್ಗದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಫೀಸು ಕಟ್ಟಲು ಅದೇ ಕೊನೆಯ ದಿನ. ತಾಯಿ ಗಿರಿಜಮ್ಮನಿಗೆ ಸಂಘದ ಮೂಲಕ ಸಾಲವೇನೋ ಮಂಜೂರಾಗಿತ್ತು. ಆದರೆ ಸಂಘದ ಹತ್ತೂ ಜನ ಜಾಮೀನಿನ ಸಹಿ ಹಾಕಿದರಷ್ಟೇ ಬ್ಯಾಂಕು ಹಣ ಕೊಡುವುದು. ಒಂಬತ್ತು ಬಿದ್ದಿದ್ದವು.

"ರತ್ನತ್ತೆ ಹಾಕ್ತಿಲ್ಲ ಸಾರ್. ನೀವೇ ಬ್ಯಾಡ ಅಂದಿದೀರಂತೆ. ನಾಲ್ಕಕ್ಕೆ ಬ್ಯಾಂಕ್ ಮುಚ್ತಾರೆ, ಬೇಗ ಬರ್ರಿ."

ಬೈಕು ಹತ್ತಿ ಚಿಕ್ಕಜಾಜೂರಿಗೆ ಧಾವಿಸಿದೆ. ಬ್ಯಾಂಕಿನ ಬೆಂಚಿನ ಮೇಲೆ ಗಿರಿಜಮ್ಮ, ಕಾವ್ಯರ ಪಕ್ಕ ರತ್ನಮ್ಮ ಗಟ್ಟಿಯಾಗಿ ಕೂತಿದ್ದರು. ರತ್ನಮ್ಮ ರೈಲ್ವೆ ಸ್ಟೇಷನ್ ಎದುರು ತರಕಾರಿ ಮಾರುವವರು, ಗಿರಿಜಮ್ಮನ ಪಕ್ಕದ ಮನೆಯವರು. ಕೌಂಟರಿನಾಚೆ ಅಧಿಕಾರಿ ಸ್ಟಾಂಪ್ ಪ್ಯಾಡಿನ ಶಾಯಿಯ ಡಬ್ಬಿ ತೆರೆದಿಟ್ಟುಕೊಂಡು ಗಡಿಯಾರ ನೋಡುತ್ತಿದ್ದ.

"ಇದು ಬೇರೆ ವಿಷಯ, ರತ್ನಮ್ಮ. ಹಾಕಿ" ಎಂದೆ.

"ಹೆಂಗೆ ಬ್ಯಾರೆ ಮೇಷ್ಟ್ರೇ? ಬರ್ದು ಎರಡು ಗೆರೆ ಎಳ್ದಿದ್ರಲ್ಲ. ನಂದೂ ಮನೆ ಐತೆ, ಉಣ್ಣೋ ಬಾಯಿ ಅವೆ."

ನಾನು ಸಾಮೂಹಿಕ ಹೊಣೆ, ನಂಬಿಕೆ ಎಂದೆಲ್ಲ ವಿವರಿಸಿದೆ. ಪೂರ್ತಿ ಕೇಳಿ ಅವರು ಕೇಳಿದ್ದು ಒಂದೇ: "ಅದೆಲ್ಲ ಆತು. ನೀವಾಗಿದ್ರೆ ಹಾಕ್ತಿದ್ರಾ?"

ಕಾವ್ಯ ನನ್ನ ಮುಖ ನೋಡಿದಳು. ನನಗೆ ಮನೆ ಸಾಲದ ಕಂತು ನೆನಪಾಯಿತು. ಬಾಯಿಂದ ಬಂದದ್ದು, "ನಾನು ಸಂಘದ ಸದಸ್ಯನಲ್ಲವಲ್ಲಮ್ಮ."

ಹೇಳಿದ ಮೇಲೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಾಲ್ಕಕ್ಕೆ ಇನ್ನು ಹನ್ನೆರಡು ನಿಮಿಷವಿತ್ತು. ಗಿರಿಜಮ್ಮ ಎದ್ದರು. "ಬಿಡೇ ಕಾವ್ಯ, ಹೋಗಾಣ."

"ಕುಂತ್ಕಳೇ ಗಿರಿಜಿ" ಎಂದರು ರತ್ನಮ್ಮ. "ಮೇಷ್ಟ್ರೇ, ಆ ಕಾಗದ ಪೂರ್ತಿ ಓದ್ರಿ. ಓದ್ದೆ ಹಾಕ್ಬಾರ್ದು ಅಂದೋರೂ ನೀವೇ."

ಓದತೊಡಗಿದೆ. ವಾಕ್ಯಗಳು ಮುಗಿಯುತ್ತಲೇ ಇರಲಿಲ್ಲ. ಅಧಿಕಾರಿ ಎರಡು ಸಲ ಕೆಮ್ಮಿದ. ಸಾಲಗಾರರು ಕಟ್ಟದಿದ್ದರೆ ಉಳಿದವರು ಕಟ್ಟಬೇಕು ಎನ್ನುವಲ್ಲಿಗೆ ಬಂದಾಗ ರತ್ನಮ್ಮ ಕೈಯೆತ್ತಿದರು.

"ಅಂದ್ರೆ ಇವ್ಳು ಕಟ್ದಿದ್ರೆ ನಾನು ಕಟ್ಬೇಕು."

"ಹೌದು."

"ಕಟ್ತೀನಿ ಬಿಡ್ರಿ. ಈ ಹುಡುಗಿ ನನ್ನ ಕಣ್ಮುಂದೆ ಬೆಳ್ದೈತೆ. ಏನಕ್ಕೆ ಅಂತ ತಿಳ್ಕಂಡು ಹಾಕ್ಬೇಕಿತ್ತು, ಅಷ್ಟೇ."

ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ಆ ಮೂರು ಅಕ್ಷರ ಮುಗಿಯುವಷ್ಟರಲ್ಲಿ ನನ್ನ ಜೀವ ಹೋಗಿ ಬಂತು. ಸಂಜೆಯೊಳಗೆ ಕಾವ್ಯ ಫೋನಿನಲ್ಲೇ ಫೀಸು ಕಟ್ಟಿದಳು. ಈಗ ಹಿರಿಯೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ. ಎದುರು ಸಿಕ್ಕರೆ ನಗುತ್ತಾಳೆ, ನಾನೇ ತಲೆ ತಗ್ಗಿಸುತ್ತೇನೆ.

ಹೋದ ವಾರ ಕಾಲೇಜಿನಲ್ಲಿ ಜಾಮೀನಿನ ಪಾಠ ಬಂತು. ಬೋರ್ಡಿನಲ್ಲಿ ಏನೂ ಬರೆಯದೆ ಈ ಕಥೆಯನ್ನೇ ಹೇಳಿದೆ, ನನ್ನ ಹೇಡಿತನವನ್ನೂ ಬಿಡದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಈಗಾದ್ರೆ ಹಾಕ್ತೀರಾ ಸಾರ್?" ಎಂದಳು. ಕ್ಲಾಸು ನಕ್ಕಿತು, ಅವಳು ನಗಲಿಲ್ಲ.

ಮರುದಿನ ಸ್ಟಾಫ್ ರೂಮಿಗೆ ಬಂದು ಅಣ್ಣನ ಓದಿನ ಸಾಲದ ಅರ್ಜಿಯನ್ನು ಮೇಜಿನ ಮೇಲಿಟ್ಟಳು. ಜಾಮೀನುದಾರರ ಜಾಗ ಖಾಲಿಯಿತ್ತು. ಎರಡು ಸಲ ಓದಿದೆ. ಪೆನ್ನಿನ ಮುಚ್ಚಳ ತೆಗೆದೆ.