ಚಾಡಿಕೋರ ಪೆಡಲ್

ನನ್ನ ಸೈಕಲ್ಲಿನ ಎಡ ಪೆಡಲ್ ಶುದ್ಧ ಚಾಡಿಕೋರ. ಪರದೇಶದ ಈ ಮೆಟುಚೆನ್ ಊರಿನ ನಮ್ಮ ಮನೆಯ ಡ್ರೈವ್‌ವೇಗೆ ತಿರುಗಿದರೆ ಸಾಕು, ಕಿರ್ರ್ ಕಿರ್ರ್ ಎಂದು ಕೂಗಿ ನಾನು ಬಂದೆನೆಂದು ಹೆಂಡತಿಗೆ ವರದಿ ಒಪ್ಪಿಸುತ್ತಿತ್ತು. ನಾನು ಇಳಿಯುವಷ್ಟರಲ್ಲಿ ಅವಳು ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಹಾಜರ್.

"ಏನ್ರೀ ಇಷ್ಟೊತ್ತು? ಪಾರ್ಕಲ್ಲಿ ಒಂದು ರೌಂಡ್ ಹೊಡೆಯೋಕೆ ಒಂದೂವರೆ ಗಂಟೆ ಬೇಕಾ?"

ಬೇಕಿತ್ತು. ನಾನು ಪಾರ್ಕಿಗೆ ಹೋಗುತ್ತಲೇ ಇರಲಿಲ್ಲವಲ್ಲ! ಪಕ್ಕದೂರು ಐಸೆಲಿನ್‌ನ ನಮ್ಮವರ ಮಿಠಾಯಿ ಅಂಗಡಿಗೆ ಹೋಗಿ ಬಿಸಿ ಬಿಸಿ ಜಿಲೇಬಿ ತಿಂದು ಬರುತ್ತಿದ್ದೆ. ನಮ್ಮಿಬ್ಬರಿಗೂ ಶುಗರ್. ಸಿಹಿ ಮುಟ್ಟಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಆದರೂ ಕಳೆದ ಸಲದ ರಕ್ತಪರೀಕ್ಷೆಯಲ್ಲಿ ಇಬ್ಬರದೂ ಏರಿತ್ತು. ನಾನು ಏನೂ ಅರಿಯದವನಂತೆ ಮುಖ ಮಾಡಿಕೊಂಡು ತಪ್ಪನ್ನೆಲ್ಲ ಅನ್ನದ ತಲೆಗೆ ಕಟ್ಟಿದೆ. ಪುಣ್ಯಕ್ಕೆ ಅವಳೂ ಎದುರು ಮಾತಾಡದೆ ಒಪ್ಪಿಬಿಟ್ಟಳು. ಅಂದಿನಿಂದ ಮನೆಯಲ್ಲಿ ಅನ್ನ ಬಂದ್. ಹುಟ್ಟಾ ಮೈಸೂರಿನವರಾದ ನಾವು ಆರು ತಿಂಗಳು ಎರಡು ಹೊತ್ತೂ ಒಣ ಚಪಾತಿ ಅಗಿದೆವು. ಚಪಾತಿಗೆ ತಿಳಿಸಾರು ಹಚ್ಚಿಕೊಂಡು ತಿಂದವನ ಸಂಕಟ ಯಾರಿಗೆ ಹೇಳಲಿ?

ಮುಂದಿನ ಪರೀಕ್ಷೆ ಹತ್ತಿರ ಬಂದಂತೆ ಅವಳ ಪ್ರಶ್ನೆಗಳೂ ಹೆಚ್ಚಿದವು. ಈಗ ಸಿಕ್ಕಿಬಿದ್ದರೆ ಜಿಲೇಬಿಯ ಕಥೆ ಮುಗಿದಂತೆಯೇ. ಸದ್ದಿಲ್ಲದೆ ಬಂದು, ಪಕ್ಕದ ಬಾಗಿಲಿನಿಂದ ಲಾಂಡ್ರಿ ರೂಮಿಗೆ ನುಗ್ಗಿ, ಸಿಂಕಿನಲ್ಲಿ ಬಾಯಿ ತೊಳೆದುಬಿಟ್ಟರೆ ಯಾರಪ್ಪನಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದೆ.

"ಆ ಪೆಡಲ್ ರಿಪೇರಿ ಮಾಡ್ತೀನಿ ಕಣೆ," ಎಂದೆ.

"ಅಯ್ಯೋ, ಚೆನ್ನಾಗೇ ಇದೆಯಲ್ರೀ! ಸುಮ್ನೆ ಯಾಕೆ ಬಿಚ್ತೀರಾ? ಆ ಸದ್ದು ನನಗೆ ಅಭ್ಯಾಸ ಆಗ್ಹೋಗಿದೆ."

ಅಭ್ಯಾಸ ಆಗದೆ ಇರುತ್ತದೆಯೇ, ಪತ್ತೇದಾರಿ ಕೆಲಸವೆಲ್ಲ ಅದರ ಮೇಲೇ ನಿಂತಿತ್ತಲ್ಲ ಎಂದುಕೊಂಡೆ.

ಮೊದಲು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಬಿಟ್ಟೆ. ಸದ್ದು ನಿಂತಿತು. ಮರುದಿನ ಬೆಳಿಗ್ಗೆ ನವೆಂಬರಿನ ಚಳಿಗೆ ಎಣ್ಣೆ ಗಟ್ಟಿಯಾಗಿ ಪೆಡಲ್ಲೇ ನಿಂತಿತು! ಸರಿ, ಬಿಚ್ಚಿಯೇ ಬಿಡೋಣವೆಂದು ಸ್ಪ್ಯಾನರ್ ಹಿಡಿದೆ. ಮುಕ್ಕಾಲು ಗಂಟೆ ಗುದ್ದಾಡಿ, ಬೆವರು ಸುರಿಸಿ, ಅದರ ವಂಶವನ್ನೆಲ್ಲ ಬೈದ ಮೇಲೆ ವಿಡಿಯೋ ನೋಡಿದರೆ, ಎಡ ಪೆಡಲಿನ ತಿರುಪು ಉಲ್ಟಾ ಅಂತೆ. ಅಷ್ಟು ಹೊತ್ತೂ ನಾನು ಅದನ್ನು ಬಿಗಿ ಮಾಡುತ್ತಿದ್ದೆ. ಕೊನೆಗೂ ಪೆಡಲ್ ಕಳಚಿ ಅದರ ಮುಚ್ಚಳ ಬಿಚ್ಚಿದಾಗ ಒಳಗಿನ ಬೇರಿಂಗ್ ಗುಂಡುಗಳು ಸಾಸಿವೆಯಂತೆ ಗರಾಜಿನ ತುಂಬ ಚೆಲ್ಲಾಪಿಲ್ಲಿಯಾದವು. ಮಂಡಿಯೂರಿ ಒಂದೊಂದೇ ಆರಿಸಿ, ಪಾತ್ರೆ ಸೋಪಿನಲ್ಲಿ ತೊಳೆದು ಒರೆಸಿ, ಗ್ರೀಸ್ ಮೆತ್ತಿ ಕೂರಿಸಿದೆ. ತಿರುಗಿಸಿದರೆ ಉಸಿರೆತ್ತಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಖುಷಿಗೆ ಎರಡು ಜಿಲೇಬಿ ಹೆಚ್ಚಿಗೆ ತಿಂದು, ಕಳ್ಳಬೆಕ್ಕಿನಂತೆ ಮನೆಗೆ ಬಂದು, ಲಾಂಡ್ರಿ ರೂಮಿನ ಬಾಗಿಲು ಮೆಲ್ಲಗೆ ತಳ್ಳಿದೆ.

ವಾಷಿಂಗ್ ಮಷೀನಿನ ಮುಂದೆ ನನ್ನ ಹೆಂಡತಿ ನಿಂತಿದ್ದಳು. ಸೋಪಿನ ಪುಡಿಯ ದೊಡ್ಡ ಡಬ್ಬದ ಮುಚ್ಚಳ ತೆರೆದಿತ್ತು. ಒಳಗೆ ಸೋಪಿನ ಪುಡಿ ಇರಲಿಲ್ಲ, ಮೈಸೂರ್‌ಪಾಕ್ ಇತ್ತು. ಒಂದು ತುಂಡಿನ ಅರ್ಧ ಅವಳ ಕೈಯಲ್ಲಿತ್ತು, ಇನ್ನರ್ಧ ಬಾಯಲ್ಲಿತ್ತು.

"ಪೆ... ಪೆಡಲ್ ಸದ್ದೇ ಕೇಳಿಸ್ಲಿಲ್ವಲ್ರೀ!" ಎಂದಳು, ನನ್ನದೇ ತಪ್ಪು ಎಂಬಂತೆ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಾಯಿ ತೆರೆಯುವಷ್ಟರಲ್ಲಿ ಅವಳ ಕಣ್ಣು ನನ್ನ ಸ್ವೆಟರಿನ ಮೇಲೆ ನಿಂತಿತು. ಎದೆಯ ಮೇಲೆ ಜಿಲೇಬಿ ಪಾಕ ಕೇಸರಿ ಬಣ್ಣದಲ್ಲಿ ಸೋರಿತ್ತು. ಇಬ್ಬರಿಗೂ ನಗುವುದಕ್ಕೂ ಧೈರ್ಯ ಬರಲಿಲ್ಲ.

ಕೊನೆಗೆ ಅವಳೇ ಬಾಯಲ್ಲಿದ್ದುದನ್ನು ನುಂಗಿ ಕೇಳಿದಳು. "ಹಾಗಾದ್ರೆ ಆರು ತಿಂಗಳು ಆ ದರಿದ್ರ ಚಪಾತಿ ತಿಂದಿದ್ದು ಯಾಕ್ರೀ?"

ಅವಳು ಡಬ್ಬವನ್ನು ಎತ್ತಿ ಹೊರಗಿನ ಕಸದ ತೊಟ್ಟಿಗೆ ಸುರಿದು ಬಂದಳು. ಆಮೇಲೆ ಅಡುಗೆಮನೆಗೆ ಹೋಗಿ ಅಕ್ಕಿ ತೊಳೆಯಲು ನಿಂತಳು.

"ನಂಗೆ ಒಂದು ಹಿಡಿ ಜಾಸ್ತಿ ಹಾಕೇ," ಎಂದು ಲಾಂಡ್ರಿ ರೂಮಿನ ಸಿಂಕಿನಲ್ಲಿ ಬಾಯಿ ತೊಳೆಯುತ್ತಲೇ ಕೂಗಿದೆ.