ಬಳೆ ಮಾಡುವುದೂ ಕೆಲಸವೇ

“ಎಂತ ಮಾರಾಯ್ತಿ, ಮನೆಯಲ್ಲಿ ಕೂತು ಬಳೆ ಮಾಡುದು ಟೈಮ್‌ಪಾಸ್ ಅಲ್ವಾ? ಈ ನೆರವು ಕೆಲಸಕ್ಕೆ ಹೋಗುವವರಿಗೆ,” ಎಂದು ಅಬುಧಾಬಿಯ ನಮ್ಮೂರಿನವರ ಸಂಘದ ಕಾರ್ಯದರ್ಶಿ ನನ್ನ ಅರ್ಜಿಯನ್ನು ಪಕ್ಕಕ್ಕೆ ಸರಿಸಿದರು. ದುಡಿಯುವ ಸದಸ್ಯರ ಆರೋಗ್ಯ ವಿಮೆಗೆ ಸಂಘ ಒಂದಿಷ್ಟು ನೆರವು ಕೊಡುತ್ತಿತ್ತು. ರೇಷ್ಮೆ ದಾರದ ಬಳೆ ಮಾಡಿ ಮಾರಲು ನನ್ನ ಬಳಿ ಪರವಾನಗಿ ಇತ್ತು. ಆದರೆ ನೌಕರರಿಗೆ ಕಟ್ಟುವ ಹಾಗೆ ನನ್ನ ವಿಮೆ ಕಟ್ಟಲು ಕಂಪನಿ ಇರಲಿಲ್ಲ.

ಸಭೆಯಲ್ಲಿದ್ದವರು ನಕ್ಕರು. ನಾನು ಎದ್ದು ನಿಂತೆ. “ಅಂಕಲ್, ರಾಜ್ಯೋತ್ಸವದ ಡಾನ್ಸಿಗೆ ಬಳೆ ಅರ್ಜೆಂಟ್ ಅಂತ ಮೊನ್ನೆ ನೀವೇ ಫೋನ್ ಮೇಲೆ ಫೋನ್ ಮಾಡಿದ್ರಲ್ಲ? ಟೈಮ್‌ಪಾಸಿಗೆ ಅರ್ಜೆಂಟ್ ಉಂಟಾ?”

ನಗು ನಿಂತಿತು. ಆದರೂ ಆ ವರ್ಷ ನೆರವು ಸಿಗಲಿಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು, ಬೇಡ ಎಂದವರ ಎದುರಿಗೇ ಓದಿದವಳು. ಮರುವರ್ಷ ಮತ್ತೆ ಅರ್ಜಿ ಹಾಕಿದೆ, ಉದ್ಯೋಗ ಎಂಬಲ್ಲಿ ‘ಬಳೆ ತಯಾರಕಿ’ ಎಂದು ದಪ್ಪಕ್ಷರದಲ್ಲಿ ಬರೆದು.