ಖಂಡ್ಯಾನ ಪಾಲಿನ ಉಳ್ಳಾಗಡ್ಡಿ

ಇವತ್ತು ಬೆಳಿಗ್ಗೆ ನಮ್ಮ ಅಡಿಗೆಯ ಸುನಂದಾ ಚಾಕು ಕೈಗೆ ಸಿಗಲಿಲ್ಲವೆಂದು ಉಳ್ಳಾಗಡ್ಡಿಯೊಂದನ್ನು ಕಟ್ಟೆಯ ಮೇಲಿಟ್ಟು ಮುಷ್ಟಿಯಿಂದ ಗುದ್ದಿದಳು. ಗ್ರಾನೈಟಿನ ಮೇಲೆ ಆ ಸದ್ದು ಅಷ್ಟು ಚೆನ್ನಾಗಿ ಬರುವುದಿಲ್ಲ, ಆದರೆ ವಾಸನೆ ಬಂತು. ಹೆಚ್ಚಿದ ಉಳ್ಳಾಗಡ್ಡಿಯ ವಾಸನೆ ಬೇರೆ, ಗುದ್ದಿದ್ದರ ವಾಸನೆ ಬೇರೆ. ನಿಮಗೆ ಇದು ಗೊತ್ತಿಲ್ಲದಿದ್ದರೆ ನೀವೂ ನನ್ನ ಹಾಗೆ ಕಾನ್ವೆಂಟಿನಲ್ಲಿ ಫೋರ್ಕು ಹಿಡಿಯಲು ಕಲಿತವರಿರಬೇಕು. ಪೇಪರು ಓದುತ್ತಿದ್ದವಳು ತಲೆಯೆತ್ತಿ, ನಾಯಿ ಬರುತ್ತದೆಂದು ಬಾಗಿಲ ಕಡೆ ನೋಡಿದೆ. ಟಿಳಕವಾಡಿಯ ಈ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ನಾಯಿ ಎಲ್ಲಿಯದು? ಹಾಗೆ ನೋಡಿದ್ದಕ್ಕೆ ನನಗೇ ನಗು ಬಂತು.

ನಾಯಿ ಇದ್ದದ್ದು ಖಾನಾಪುರದಲ್ಲಿ, ನನ್ನ ಅತ್ತೆಯವರ ಮನೆಯಲ್ಲಿ, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ. ಹೆಸರು ಖಂಡ್ಯಾ. ಕಂದು ಬಣ್ಣ. ಒಂದು ಕಿವಿ ನೆಟ್ಟಗಿತ್ತು, ಇನ್ನೊಂದು ಯಾವಾಗಲೂ ನಿದ್ದೆಯಲ್ಲಿರುತ್ತಿತ್ತು. ಅತ್ತೆ ತಮ್ಮ ಕಿರಿಯ ಮಗನ ಸಂಸಾರದೊಂದಿಗಿದ್ದರು. ಅವನು ಅಲ್ಲಿನ ಹಂಚಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ನಾವು ಬೆಳಗಾವಿಯ ಖಾಸಬಾಗದಲ್ಲಿದ್ದೆವು. ನನ್ನ ಗಂಡ ಉದ್ಯಮಬಾಗದ ಫೌಂಡ್ರಿಗೆ ಹೋಗುತ್ತಿದ್ದರು. ತಿಂಗಳಿಗೆ ಎರಡು ರವಿವಾರ ಖಾನಾಪುರದ ಬಸ್ಸು ಹತ್ತುತ್ತಿದ್ದೆವು. ಬಸ್ಸು ಪೀರನವಾಡಿ ದಾಟುತ್ತಿದ್ದಂತೆ ನಾನು ಇಂಗ್ಲಿಷನ್ನು ಪರ್ಸಿನೊಳಗಿಟ್ಟು, ಸೆರಗು ಸರಿಮಾಡಿಕೊಂಡು, ಸೊಸೆಯಾಗುತ್ತಿದ್ದೆ.

ಆ ಮನೆಯಲ್ಲಿ ಹೆಂಚಿನಿಂದಿಳಿದ ಮೊದಲ ರೊಟ್ಟಿ ಖಂಡ್ಯಾನದು. ಅತ್ತೆ ಅದನ್ನು ಮುರಿದು ಪರಾತದಲ್ಲಿ ಹಾಕಿ, ಒಂದು ಉಳ್ಳಾಗಡ್ಡಿಯನ್ನು ನೆಲದ ಮೇಲಿಟ್ಟು ಗುದ್ದಿ, ಮಜ್ಜಿಗೆ ಸುರಿದು, ಎಲ್ಲವನ್ನೂ ಕೈಯಿಂದ ಕಲಸುತ್ತಿದ್ದರು. ಗುದ್ದಿದ ಸದ್ದು ಕೇಳಿದರೆ ಖಂಡ್ಯಾ ಎಲ್ಲಿದ್ದರೂ ಹಾಜರು. ಮೊದಲ ಸಲ ನೋಡಿದಾಗ ನಾನು ಕೇಳಿದ್ದೆ:

"ಅತ್ತಿ, ನಾಯಿಗ್ಯಾಕ್ರೀ ಉಳ್ಳಾಗಡ್ಡಿ?"

"ಮತ್ತ ಝಳಾ ಬಡದ್ರ? ಅದಕ್ಕೇನು ನಿಮ್ಮಂಗ ತಲಿಮ್ಯಾಲ ಫ್ಯಾನ್ ತಿರಗತೈತೇನು?"

"ಈಗ ಮಳಿಗಾಲ ಐತೆಲ್ರೀ."

"ಝಳಾ ಏನು ನಿನ್ನ ಕ್ಯಾಲೆಂಡರ್ ನೋಡಿ ಬರ್ತೈತೇನ ಯವ್ವಾ?"

ನಾನು ಮಜ್ಜಿಗೆಯ ಚೊಂಬನ್ನು ಅವರ ಕಡೆ ಸರಿಸಿದೆ.

ಆ ವರ್ಷಗಳಲ್ಲೇ ನಮ್ಮ ಓಣಿಯ ಟೈಪಿಂಗ್ ಕ್ಲಾಸಿನವರು ಎರಡು ಕಂಪ್ಯೂಟರ್ ತಂದು, ಬೋರ್ಡಿನ ಕೆಳಗೆ ‘ಇಂಟರ್ನೆಟ್’ ಎಂದು ಬರೆಸಿದರು. ಮಾಲೀಕರು ಪಾಟೀಲ ಸರ್, ರಿಟೈರ್ಡ್ ಹೆಡ್‌ಕ್ಲರ್ಕ್. ಮೌಸನ್ನೂ ರಬ್ಬರ್ ಸ್ಟ್ಯಾಂಪಿನಂತೆ ಒತ್ತುವವರು. ಐವತ್ತು ದಾಟಿದ ನಾನು ಅಲ್ಲಿ ರೆಗ್ಯುಲರ್ ಗಿರಾಕಿಯಾದೆ. ಒಂದು ಪುಟ ಮೇಲಿನಿಂದ ಕೆಳಕ್ಕೆ, ಪರದೆ ಇಳಿಸಿದಂತೆ, ಸಾವಕಾಶ ತೆರೆದುಕೊಳ್ಳುವುದನ್ನು ಕಾಯುವುದೇ ಒಂದು ಸುಖ. ಒಂದು ಮಧ್ಯಾಹ್ನ ಹಿಮದಲ್ಲಿ ನಿಂತ ಗಿಡ್ಡ ಕುದುರೆಗಳು ಸಿಕ್ಕವು. ಇನ್ನೊಂದು ಮಧ್ಯಾಹ್ನ ಸ್ಕಾಟ್ಲೆಂಡಿನ ಯಾವಳೋ ಮುದುಕಿ ತನ್ನ ಬೆಕ್ಕಿಗೆ ಹೆಣೆದ ಸ್ವೆಟರಿನ ಪ್ಯಾಟರ್ನು. ಇಷ್ಟವಾದದ್ದನ್ನು ಪ್ರಿಂಟ್ ತೆಗೆಸಿ ಖಾನಾಪುರಕ್ಕೆ ಒಯ್ದು, ಊಟವಾದ ಮೇಲೆ ಕನ್ನಡ ಮಾಡಿ ಓದುತ್ತಿದ್ದೆ. ಅತ್ತೆ ಕಾಲು ಚಾಚಿ ಕೂತು ಕೇಳುತ್ತಿದ್ದರು. ಖಂಡ್ಯಾ ಅವರ ಪಾದದ ಮೇಲೆ ಗದ್ದ ಇಟ್ಟಿರುತ್ತಿದ್ದ.

"ಬೆಕ್ಕಿಗೆ ಸ್ವೆಟರ್! ಆ ಮುದುಕಿಗೆ ಬಯ್ಯಾಕ ಒಬ್ಬಾಕಿ ಸೊಸಿ ಇಲ್ಲೇನು?" ಎಂದು ನಕ್ಕಿದ್ದರು. ಆದರೆ ಮರುದಿನ ಓಣಿಗೆಲ್ಲ ಆ ಸುದ್ದಿ ಹೇಳಿ ಬಂದರು. ಕಾಗದದಲ್ಲಿ ಬಂದದ್ದು, ಅದೂ ಸೊಸೆ ತಂದದ್ದು. ಸುಳ್ಳಿರುವುದು ಹೇಗೆ?

ಖಂಡ್ಯಾನಿಗೆ ಹನ್ನೆರಡು ತುಂಬಿದ ವರ್ಷ ಅವನು ಊಟ ಬಿಟ್ಟ. ದನದ ಡಾಕ್ಟರು ಬಂದು ಸೂಜಿ ಚುಚ್ಚಿ, "ವಯಸ್ಸಾಗೇತ್ರಿ ಅಜ್ಜಿ, ನಾವೇನು ಮಾಡಾಕ ಬರ್ತೈತಿ" ಅಂದರು. ನಾನು ಸುಮ್ಮನಿರಬಹುದಿತ್ತು. ಬೆಳಗಾವಿಗೆ ಮರಳಿದವಳೇ ಓಡಿ ಹೋಗಿ ಪಾಟೀಲ ಸರ್ ಅಂಗಡಿಯಲ್ಲಿ ಕೂತು ಹುಡುಕಿದೆ. ಪುಟ ಇಳಿಯುತ್ತ ಇಳಿಯುತ್ತ ಒಂದು ಚೆಂದದ ನಾಯಿಯ ಚಿತ್ರ ಬಂತು. ಕೆಳಗೆ, ನಾಯಿಗೆ ಹಾಕಬಾರದ ಪದಾರ್ಥಗಳ ಪಟ್ಟಿ. ಉಳ್ಳಾಗಡ್ಡಿ ನಾಯಿಯ ರಕ್ತವನ್ನು ಕೆಡಿಸುತ್ತದೆ, ನಾಯಿಗೆ ಅದು ವಿಷ ಎಂದು ಸ್ಪಷ್ಟವಾಗಿತ್ತು. ನನಗೆ ಆಗಿದ್ದು ದುಃಖವಲ್ಲ, ಖುಷಿ. ಉತ್ತರ ಸಿಕ್ಕಿತಲ್ಲ ಎಂಬ ಖುಷಿ. ಕ್ಲಾಸಿನಲ್ಲಿ ಎಲ್ಲರಿಗಿಂತ ಮೊದಲು ಕೈಯೆತ್ತುತ್ತಿದ್ದ ಹುಡುಗಿ ನಾನು.

ರವಿವಾರ ಆ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಶಬ್ದ ಬಿಡದೆ ಓದಿದೆ. ತಲೆಯೆತ್ತಿದಾಗ ಅತ್ತೆ ತಮ್ಮ ಬಲಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡುತ್ತಿದ್ದರು.

"ವಿಷಾ ಅಂತ ಬರದಾರೇನು?"

"ಹೌದ್ರಿ ಅತ್ತಿ."

"ದಿನಾ ನಾನ ಹಾಕೀನಲ್ಲ ಬೇ" ಅಂದರು, ಅಷ್ಟೇ.

ಎಂಟು ದಿನಕ್ಕೆ ಖಂಡ್ಯಾ ಹೋದ. ಅತ್ತೆ ಉಳ್ಳಾಗಡ್ಡಿ ಬಿಟ್ಟರು. ರೊಟ್ಟಿ ಬಡಿಯುವುದನ್ನೂ ಕಿರಿಯ ಸೊಸೆಗೆ ಬಿಟ್ಟುಕೊಟ್ಟು ಪಡಸಾಲೆಯ ಕಂಬಕ್ಕೊರಗಿ ಕೂತುಬಿಟ್ಟರು. ಡಾಕ್ಟರು ವಯಸ್ಸು ಅಂದಿದ್ದರಲ್ಲ ಎಂದು ಮೈದುನ ನೆನಪಿಸಿದರೆ, "ಆ ಡಾಕ್ಟರ್ ಹತ್ರ ಎಲ್ಲಿ ಇಂಟರ್ನೆಟ್ ಐತಿ?" ಅನ್ನುವರು. ಎರಡು ತಿಂಗಳಲ್ಲಿ ಬಳೆ ಮೊಳಕೈವರೆಗೆ ಸರಿಯುವಷ್ಟು ಇಳಿದರು. ವಾಪಸು ಬರುವ ಬಸ್ಸಿನಲ್ಲಿ ನನ್ನ ಗಂಡ ಕಿಟಕಿಯ ಹೊರಗೆ ನೋಡುತ್ತ ಹೇಳಿದರು: "ನೀ ಓದಿದ್ದು ಖರೇ ಇರಬೋದು. ಓದೂ ಜರೂರಿ ಏನಿತ್ತು?"

ಬರೀ ಬಾಯಿಮಾತಿನಿಂದ ಕಾಗದವನ್ನು ಅಳಿಸುವಂತಿರಲಿಲ್ಲ. ಕಾಗದಕ್ಕೆ ಕಾಗದವೇ ಬೇಕು. ಬೇರೆ ರೀತಿ ಹೇಳುವ ಪುಟ ಸಿಗಬಹುದೆಂದು ಮೂರು ಮಧ್ಯಾಹ್ನ ಹುಡುಕಿದೆ, ಸಿಗಲಿಲ್ಲ. ಅತ್ತೆಗೆ ಇಂಗ್ಲಿಷ್ ಓದಲು ಬರುವುದಿಲ್ಲ; ಯಾವುದೋ ಕಾಗದ ಹಿಡಿದು ಬೇಕಾದ್ದನ್ನು ಓದಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಾನ್ವೆಂಟಿನ ಸಿಸ್ಟರುಗಳು ಬೆಳೆಸಿದ ಹುಡುಗಿ ನಾನು, ಕಾಗದದಲ್ಲಿಲ್ಲದ್ದನ್ನು ಓದಲಾರೆ. ಆದ್ದರಿಂದ ಮೊದಲು ಅದನ್ನು ಕಾಗದದಲ್ಲಿ ಬರೆದೆ. ಓದಿದ್ದು ಸುಳ್ಳಲ್ಲ, ಬರೆದದ್ದು ಮಾತ್ರ ಸುಳ್ಳು ಎಂದು ನನ್ನ ಆತ್ಮಸಾಕ್ಷಿಗೆ ಒಂದು ಕುರ್ಚಿ ಹಾಕಿ ಕೂರಿಸಿದೆ.

ಟೈಪು ಮಾಡಲು ಕೂತರೆ ಬೆರಳು ತಾವಾಗಿಯೇ "ದಿ ಡಾಗ್ ಈಸ್ ಎ ಫೇತ್‌ಫುಲ್ ಅನಿಮಲ್" ಎಂದು ಹೊಡೆದವು. ನಾಲ್ಕನೆಯ ಇಯತ್ತೆಯ ಕಾಂಪೊಸಿಷನ್. ಆಮೇಲೆ ಬರೆದೆ: ಬಿಸಿಲಿನ ದೇಶಗಳಲ್ಲಿ ಮರಿಯಿದ್ದಾಗಿನಿಂದ ಉಳ್ಳಾಗಡ್ಡಿ ತಿಂದ ನಾಯಿಗೆ ಅದು ರೂಢಿಯಾಗುತ್ತದೆ, ಬಾಧಿಸುವುದಿಲ್ಲ. ಕೊನೆಗೆ, ಹನ್ನೆರಡು ವರ್ಷದ ನಾಯಿ ಸಾಯುವುದು ವಯಸ್ಸಿನಿಂದ.

ಪಾಟೀಲ ಸರ್ ಹಿಂದೆ ನಿಂತು ಓದಿದರು. "ಮೇಡಂ, ಇದು ಇಂಟರ್ನೆಟ್‌ನ್ಯಾಗಿಂದಲ್ಲ."

"ಅಲ್ರಿ ಸರ್."

"ಹಂಗಾದ್ರ ಕೆಳಗ ಸಣ್ಣ ಅಕ್ಷರದಾಗ ಒಂದು ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಹಾಕ್ರಿ. ಇಲ್ಲಾಂದ್ರ ಅಸಲಿ ಅನಸೂದಿಲ್ಲ" ಎಂದು ಗಂಭೀರವಾಗಿ ಹೇಳಿ, ಮೇಲೊಂದು ಚಿತ್ರವನ್ನೂ ಹಾಕಿಕೊಟ್ಟರು. ಅವರ ಕಂಪ್ಯೂಟರಿನಲ್ಲಿದ್ದ ಒಂದೇ ಒಂದು ನಾಯಿ ಬರ್ತ್‌ಡೇ ಟೋಪಿ ಹಾಕಿಕೊಂಡಿತ್ತು.

"ಇವಗ್ಯಾಕ ಟೊಪಗಿ?" ಎಂದು ರವಿವಾರ ಖಾನಾಪುರದಲ್ಲಿ ಚಿತ್ರ ನೋಡಿ ಅತ್ತೆ ಕೇಳಿದರು.

"ಅಲ್ಲಿ ಥಂಡಿ ಭಾಳ್ರಿ ಅತ್ತಿ" ಎಂದೆ. ಬಿಸಿಲಿನ ದೇಶದ ನಾಯಿಗಳ ಬಗ್ಗೆ ಓದುವುದಕ್ಕೆ ಒಂದೇ ನಿಮಿಷ ಮೊದಲು.

ಆದರೂ ಕಾಗದ ಕೆಲಸ ಮಾಡಿತು. ಎರಡು ಸಲ ಓದಿಸಿಕೊಂಡರು. ಆ ದಿನ ಅವರು ಊಟಕ್ಕೆ ಕೂತಾಗ ಉಳ್ಳಾಗಡ್ಡಿ ಕೇಳಿದರು. ಕಿರಿಯ ಸೊಸೆ ಬಾಗಿಲ ಹಿಂದೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ಬಸ್ಸಿನಲ್ಲಿ ನನ್ನ ಗಂಡ ಕಿಟಕಿಯ ಸೀಟನ್ನು ನನಗೆ ಬಿಟ್ಟುಕೊಟ್ಟರು. ಜೀವನದಲ್ಲಿ ನಾನು ಬರೆದದ್ದೊಂದು ಮೊದಲ ಬಾರಿ ಯಾರಿಗೋ ಉಪಯೋಗಕ್ಕೆ ಬಂದಿತ್ತು.

ಮಳೆಗಾಲ ಕಳೆದು ನಾವು ಹೋದಾಗ ಪಡಸಾಲೆಯಲ್ಲಿ ಹೊಸ ಮರಿಯೊಂದು ಚಪ್ಪಲಿ ಕಚ್ಚುತ್ತ ಕೂತಿತ್ತು. ಕರಿ ಹೆಣ್ಣುಮರಿ, ಹೆಸರು ಚಿಂಗಿ. ಅತ್ತೆ ಒಲೆಯ ಮುಂದೆ ಇದ್ದರು. ಮೊದಲ ರೊಟ್ಟಿ ಇಳಿಯಿತು. ಮುಷ್ಟಿ ಮೇಲೆದ್ದು ಉಳ್ಳಾಗಡ್ಡಿಯ ಮೇಲೆ ಬಿತ್ತು.

"ಅತ್ತಿ, ಮರಿಗಿ ಬ್ಯಾಡ್ರಿ!"

"ಯಾಕ? ನಿನ್ನ ಕಾಗದದಾಗ ಐತೆಲ್ಲ, ಸಣ್ಣಾಂದಿನಿಂದ ತಿಂದ್ರ ರೂಢಿ ಆಗ್ತೈತಿ ಅಂತ. ಅದಕ್ಕ ಇವತ್ತಿನಿಂದನ ಚಾಲೂ."

ಬಾಜೂ ಮನೆಯ ಶೆವಂತಾ ಕಾಕು ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಮನೆಯಲ್ಲಿ ಮರಾಠಿ ಆಡುವವಳು, ನಮ್ಮೊಡನೆ ಎರಡೂ ಬೆರೆಸುವವಳು. "ಅಗಂ ಬಾಯಿ, ಅಜ್ಜಿ ಹೇಳಿದ ಮ್ಯಾಲ ನಮ್ಮ ನಾಯಿ ಶೇರೂನೂ ಈಗ ಕಾಂದಾ ತಿಂತಾನ ನೋಡ್ರಿ" ಎಂದು ಸಂತೋಷದಿಂದ ವರದಿ ಕೊಟ್ಟಳು.

ಅವಳು ಎದ್ದು ಹೋಗುವವರೆಗೆ ನಾನು ಪರಾತವನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಇದ್ದೆ. ಸುಮ್ಮನಿದ್ದರೆ ಮರಿ ತಿನ್ನುತ್ತದೆ. ಹೇಳಿದರೆ ಅತ್ತೆ ಮತ್ತೆ ಕಂಬಕ್ಕೊರಗುತ್ತಾರೆ. ಮರಿ ನನ್ನ ಸೀರೆಯ ಅಂಚು ಎಳೆಯತೊಡಗಿತು.

"ಆ ಕಾಗದ ನಾನ ಬರದದ್ರಿ ಅತ್ತಿ."

ಅತ್ತೆ ಹೆಂಚಿನ ಮೇಲಿನ ರೊಟ್ಟಿ ತಿರುವಿದರು. ತಿರುವಿ, ತೆಗೆದು, ಒಲೆಯ ಉರಿ ಸಣ್ಣ ಮಾಡಿದರು.

"ಮೊದಲಿಂದು ಖರೇ?"

"ಖರೇರಿ."

ಪರಾತವನ್ನು ನನ್ನ ಕೈಯಿಂದ ತೆಗೆದುಕೊಂಡು ಉಳ್ಳಾಗಡ್ಡಿಯ ಚೂರುಗಳನ್ನು ಒಂದೊಂದಾಗಿ ಆರಿಸಿ ಬದಿಗಿಟ್ಟರು. ಅದರ ರಸ ಹತ್ತಿದ ರೊಟ್ಟಿಯನ್ನೂ ಬದಿಗಿಟ್ಟು, ಎರಡನೆಯ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಅದ್ದಿ ಮರಿಗೆ ಹಾಕಿದರು. ಆಮೇಲೆ ದೇವರ ಗೂಡಿನಲ್ಲಿಟ್ಟಿದ್ದ ಆ ಕಾಗದವನ್ನು ತರಿಸಿ ಮತ್ತೊಮ್ಮೆ ಓದಲು ಹೇಳಿದರು. ಟೋಪಿಯ ನಾಯಿ, ಫೇತ್‌ಫುಲ್ ಅನಿಮಲ್, ಬಿಸಿಲಿನ ದೇಶ. ಎಂಥ ಕೆಟ್ಟ ಕಾಂಪೊಸಿಷನ್! ಕೊನೆಯ ಸಾಲಿಗೆ ಬಂದಾಗ ಅತ್ತೆ ಕೈಯೆತ್ತಿದರು.

"ಹನ್ನೆರಡು ವರ್ಷ ಅಂತ ಐತೆಲ್ಲ, ಇದಷ್ಟ ಇರ್ಲಿ. ಮ್ಯಾಲಿಂದೆಲ್ಲಾ ಹರದು ಒಲಿಗೆ ಹಾಕು."

ಹರಿದೆ. ಒಂದು ಬೆರಳಗಲದ ಪಟ್ಟಿ ಉಳಿಯಿತು. ಅದನ್ನು ಅವರು ಮಡಚಿ ಎಲೆಯಡಿಕೆಯ ಸಂಚಿಯಲ್ಲಿಟ್ಟುಕೊಂಡರು. ಬದಿಗಿಟ್ಟಿದ್ದ ರೊಟ್ಟಿ, ಉಳ್ಳಾಗಡ್ಡಿಯನ್ನು ತಾವೇ ತಿಂದರು. ತಿನ್ನುವಾಗ ಅತ್ತರೋ, ಉಳ್ಳಾಗಡ್ಡಿಯ ಘಾಟೋ, ನನಗೆ ತಿಳಿಯಲಿಲ್ಲ. ನಾನೂ ಎರಡು ಚೂರು ಎತ್ತಿಕೊಂಡಿದ್ದೆ. ಸಂಜೆಯೊಳಗೆ ಅತ್ತೆ ಮನೆಮನೆಗೆ ಹೋಗಿ ಬಂದರು. ಶೆವಂತಾ ಕಾಕುವಿನ ಅಂಗಳದಿಂದ ಅವರ ದನಿ ನನಗೆ ಕೇಳುತ್ತಿತ್ತು: "ಕಾಂದಾ ಬಂದ್ ಮಾಡ್ರಿ ಮತ್ತ. ಇಂಟರ್ನೆಟ್‌ನವರು ತಪ್ಪ ಬರದಿದ್ರಂತ. ನಮ್ಮ ಸೊಸಿನ ಹುಡಕಿ ತಗದಾಳ ನೋಡ್ರಿ."

ಅತ್ತೆ ಹೋಗಿ ಬಹಳ ವರ್ಷಗಳಾದವು. ನಾನೀಗ ಅಂದಿನ ಅವರ ವಯಸ್ಸಿನವಳು. ಪಾಟೀಲ ಸರ್ ಅಂಗಡಿಗೆ ಹೋಗಬೇಕಿಲ್ಲ, ಇಂಟರ್ನೆಟ್ಟು ದಿಂಬಿನ ಪಕ್ಕದಲ್ಲೇ ಬಿದ್ದಿರುತ್ತದೆ. ಇವತ್ತು ಮಧ್ಯಾಹ್ನ, ಇಷ್ಟನ್ನೂ ಬರೆದು ಪೆನ್ನು ಕೆಳಗಿಟ್ಟಾಗ, ನಮ್ಮ ಸ್ಕೂಲ್ ಗ್ರೂಪಿನಲ್ಲಿ ಫಿಲೋಮಿನಾಳ ಮೆಸೇಜ್ ಇತ್ತು: ಬೂದುಗುಂಬಳದ ರಸ ಕುಡಿದರೆ ಕೆಟ್ಟ ಕಿಡ್ನಿ ತಾನೇ ಸರಿಹೋಗುತ್ತದಂತೆ. ಕೆಳಗೆ ಆಗಲೇ ನಾಲ್ವರು ‘ಫೇಕ್’, ‘ಟೋಟಲ್ ರಬಿಶ್’ ಎಂದು ಬರೆದಿದ್ದರು. ಎಲ್ಲ ಮೊದಲು ಕೈಯೆತ್ತುವ ಹುಡುಗಿಯರು. ನಾನೂ ಬರೆಯಲು ಹೊರಟವಳು ಅದನ್ನು ಬಿಟ್ಟು ಫೋನು ಮಾಡಿದೆ.

"ಫಿಲೋ, ಮನ್ಯಾಗ ಯಾರಿಗಿ ಆರಾಮಿಲ್ಲ?"

ಆ ಕಡೆ ಬಾಗಿಲು ಮುಚ್ಚಿದ ಸದ್ದು ಬಂತು.

"ನಿನಗ ಟೈಮ್ ಐತೇನು?" ಎಂದಳು.

ಕುರ್ಚಿ ಎಳೆದುಕೊಂಡು ಕೂತೆ.